ಸುನಿತಾಳ ತಲೆಯ ಮೇಲೊಂದು ಆಣೆ

ಸುನಿತಾ ಎರಡನೇ ಇಯತ್ತೆಯಲ್ಲಿದ್ದಾಗ ಒಂದು ಮುಂಜಾನೆ ಬಾಚಣಿಕೆಯ ಮೂರು ಹಲ್ಲು ಅವಳ ಕೂದಲಿನೊಳಗೇ ಮುರಿದು ಉಳಿದವು. ಹುಡುಗಿ ಓಣಿಗೆಲ್ಲ ಕೇಳುವಂತೆ ಅತ್ತಳು. ಅವಳ ಅವ್ವ ಸಣ್ಣವ್ವ ಶಾಲೆಯ ಬಿಸಿಯೂಟದ ಒಲೆ ಹೊತ್ತಿಸಲು ಹೋಗುವ ಹೊತ್ತಾಗಿತ್ತು. ಅವಳು ಬೇಸತ್ತು, ಎಣ್ಣೆಗೈಯನ್ನು ಮಗಳ ನೆತ್ತಿಯ ಮೇಲೆ ಇಟ್ಟು ಹೇಳಿಬಿಟ್ಟಳು:

"ಅಳಬ್ಯಾಡ ಸುಮ್ನಿರು. ನೀ ಕಾಲೇಜ್ ಮೆಟ್ಟಲಾ ಹತ್ತಿದ ದಿನದಿಂದ ನಾ ಈ ತಲಿಗೆ ಕೈ ಹಚ್ಚೂದಿಲ್ಲ. ನಿನ್ನ ತಲಿ ಮುಟ್ಟಿ ಆಣಿ ಮಾಡತೀನಿ."

ಮಕ್ಕಳ ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಅದರ ಕೆಡುಕು ಆ ಮಕ್ಕಳಿಗೇ ತಟ್ಟುತ್ತದೆ ಎಂಬುದು ದೇವಿಕೊಪ್ಪದಲ್ಲಿ ಎಲ್ಲರಿಗೂ ಗೊತ್ತು. ಬಾಜು ಮನೆಯ ಜಮೀಲಾಬಿ ಆಗಲೇ ಹಿತ್ತಲ ಗೋಡೆಯ ಮೇಲಿಂದ ಇಣುಕಿ, "ನಾ ಸಾಕ್ಷಿ ಅದೀನಿ ನೋಡ್ ಸಣ್ಣವ್ವಾ" ಎಂದಿದ್ದಳು. ಆ ಓಣಿಯಲ್ಲಿ ಜಮೀಲಾಬಿ ಸಾಕ್ಷಿಯಾಗದೆ ನಡೆದ ಸಂಗತಿ ಯಾವುದಾದರೂ ಇದೆಯೇ ಎಂದು ಹೇಳುವುದು ಕಷ್ಟ.

ಅಂದಿನಿಂದ ಸುನಿತಾ ಕಾದಳು. ಅವಳ ಕೂದಲು ಹುಟ್ಟಿನಿಂದಲೇ ಗುಂಗುರು. ಬಿಟ್ಟರೆ ಬೆದರಿದ ಕೋಳಿಯ ಹಾಗೆ ನಾಲ್ಕೂ ದಿಕ್ಕಿಗೆ ಹಾರುತ್ತಿತ್ತು. ಅದಕ್ಕೇ ಸಣ್ಣವ್ವ ದಿನಾ ಮುಂಜಾನೆ ಆರೂವರೆಗೆ ಮಗಳನ್ನು ಹೊಸ್ತಿಲ ಮೇಲೆ ತನ್ನ ಎರಡು ಮೊಳಕಾಲುಗಳ ನಡುವೆ ಸಿಕ್ಕಿಸಿಕೊಂಡು, ಒಂದು ಬೊಗಸೆ ಎಣ್ಣೆ ಸುರಿದು, ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದಳು. ಪಿಯುಸಿಗೂ ಯೂನಿಫಾರ್ಮು, ಎರಡು ಜಡೆಯ ಕಟ್ಟಪ್ಪಣೆ ಇದ್ದದ್ದರಿಂದ ಅವ್ವ ಮಗಳಿಬ್ಬರೂ ಕೂಡಿ ಅದನ್ನು ಕಾಲೇಜೆಂದು ಒಪ್ಪಿರಲಿಲ್ಲ.

ಭಾನುವಾರ ಮಾತ್ರ, ತಲೆ ಎರೆದುಕೊಂಡ ಮೇಲೆ, ಅವ್ವ ಬಾಚಣಿಕೆ ಹುಡುಕಿ ತರುವವರೆಗಿನ ಕಾಲು ಗಂಟೆ ಸುನಿತಾಳದು. ಆಗ ಕನ್ನಡಿಯಲ್ಲಿ ಅವಳ ಸ್ವಂತ ಕೂದಲು ಕಾಣುತ್ತಿತ್ತು. ಒದ್ದೆ ಉಂಗುರಗಳು, ಒಂದರ ಕೆಳಗೊಂದು. ಅದನ್ನು ಅವಳ ಹೊರತು ಇನ್ನೊಬ್ಬರೇ ನೋಡುತ್ತಿದ್ದರು. ಅವಳ ಅಪ್ಪ ಮಂಜಪ್ಪ. ಕಲಘಟಗಿಯ ಬಣ್ಣದ ತೊಟ್ಟಿಲುಗಳಿಗೆ ಚಿತ್ರ ಬರೆಯುವುದು ಅವನ ಕೆಲಸ. ತೊಟ್ಟಿಲ ಹಲಗೆಯ ಮೇಲೆ ಬೆಣ್ಣೆ ಕದಿಯುವ ಕೃಷ್ಣನಿಗೆ ಕೂದಲು ಬರೆಯುವ ಕೆಲಸವನ್ನು ಅವನು ಭಾನುವಾರಕ್ಕೇ ಇಟ್ಟುಕೊಳ್ಳುತ್ತಿದ್ದ. ಹೀಗಾಗಿ ಸುನಿತಾಳ ಬಿಚ್ಚುಗೂದಲು ಹಾವೇರಿಗೆ ಹೋಗಿತ್ತು, ಬೆಳಗಾವಿಗೆ ಹೋಗಿತ್ತು, ಗುರುತಿಲ್ಲದ ಕೂಸುಗಳ ಮೇಲೆ ತೂಗಾಡಿತ್ತು. ಸುನಿತಾ ಮಾತ್ರ ಎರಡು ಜಡೆ ಹಾಕಿಕೊಂಡು ದೇವಿಕೊಪ್ಪದಲ್ಲೇ ಉಳಿದಿದ್ದಳು.

ಕೊನೆಗೂ ಕಲಘಟಗಿಯ ಡಿಗ್ರಿ ಕಾಲೇಜು ಶುರುವಾಯಿತು. ಮೊದಲ ದಿನ ಸುನಿತಾ ಅಭ್ಯಾಸದ ಮೇಲೆ ಹೊಸ್ತಿಲಿಗೆ ಬಂದು ಕೂತಳು. ಸಣ್ಣವ್ವ ಎಣ್ಣೆಯ ಬಾಟಲಿಯನ್ನು ಸೆರಗಿನಿಂದ ಒರೆಸಿ ಗೂಡಿನಲ್ಲಿಟ್ಟು, "ಮೆಟ್ಟಲಾ ಹತ್ತಾಕತ್ತಿ. ಇನ್ನ ನಿನ್ನ ತಲಿ ನಿಂದವಾ" ಎಂದು ಒಳಗೆ ಹೋದಳು.

ಸ್ವಾತಂತ್ರ್ಯವೇನೋ ಸಿಕ್ಕಿತು. ಅದನ್ನು ಬಾಚುವುದು ಹೇಗೆಂದು ಸುನಿತಾಳಿಗೆ ಗೊತ್ತಿರಲಿಲ್ಲ. ಎರಡು ತಿಂಗಳು ಅವಳು ಅದನ್ನು ಒಂದು ಗಂಟಾಗಿ ಕಟ್ಟಿ ಓಡಾಡಿದಳು. ಆ ಗಂಟು ಹಿಂದಿನಿಂದ ಅಗದಿ ಸುಲಿಯದ ತೆಂಗಿನಕಾಯಿಯಂತೆ ಕಾಣುತ್ತಿತ್ತು. ಅವಳನ್ನು ಕರುಣೆಯಿಂದ ನೋಡಿದವಳು ಕಲಘಟಗಿಯ ಗೆಳತಿ ನಾಜಮೀನ್. ನಾಜಮೀನ್‌ಳ ಕೂದಲು ಮಗ್ಗದಿಂದ ನೂಲು ಇಳಿಬಿಟ್ಟ ಹಾಗೆ ನೆಟ್ಟಗೆ. ಆದರೆ ಗುಂಗುರು ಕೂದಲಿನ ಬಗ್ಗೆ ಮೊಬೈಲಿನಲ್ಲಿ ಬಂದ ವಿಡಿಯೋ ಒಂದನ್ನೂ ಅವಳು ಬಿಟ್ಟಿರಲಿಲ್ಲ.

"ಒಣಾ ಇದ್ದಾಗ ಬಾಚಬಾರದಲೇ. ಟವೆಲ್‌ಲೇ ತಿಕ್ಕಬಾರದು. ರೇಷ್ಮಿ ದಿಂಬಿನ ಮ್ಯಾಲ ಮಲಗಬೇಕು. ಅಗಸಿ ಕುದಿಸಿ, ಸೋಸಿ, ಆ ಲೋಳಿ ಹಚ್ಚಿದ್ಯಂದ್ರ ಒಂದೊಂದು ಸುರುಳಿ ಸ್ಪ್ರಿಂಗ್ ಆಕ್ಕೈತಿ."

ಸುನಿತಾ ಟವೆಲ್ ಬಿಟ್ಟು ಅಪ್ಪನ ಹಳೇ ಬನಿಯನ್ ಹಿಡಿದಳು. ಅವ್ವನ ಮದುವೆಯ ಇಳಕಲ್ ಸೀರೆಯ ಸೆರಗನ್ನು ದಿಂಬಿಗೆ ಸುತ್ತಿ ಮಲಗಿ ಎರಡು ದಿನ ಬೈಸಿಕೊಂಡಳು. ಉಳಿದದ್ದು ಅಗಸೆ. ಶುಕ್ರವಾರ ಐಡಿ ಕಾರ್ಡಿಗೆ ಕಾಲೇಜಿನಲ್ಲಿ ಫೋಟೊ ತೆಗೆಯುತ್ತಾರೆಂದು ನೋಟಿಸು ಬಿತ್ತು. ಮೂರು ವರ್ಷ ಕೊರಳಲ್ಲಿ ತೂಗುವ ಫೋಟೊ. ಇದುವರೆಗಿನ ಅವಳ ಒಂದು ಫೋಟೊದಲ್ಲೂ ಅವಳ ಕೂದಲಿರಲಿಲ್ಲ; ಎಣ್ಣೆಯಿತ್ತು, ರಿಬ್ಬನ್ನಿತ್ತು, ಮೇಲೇರಿದ ಹುಬ್ಬಿತ್ತು. ಈ ಒಂದರಲ್ಲಾದರೂ ಕೃಷ್ಣನಿಗೆ ಸಿಕ್ಕ ಕೂದಲು ತನಗೂ ಸಿಗಬೇಕೆಂದು ಅವಳು ನಿಶ್ಚಯಿಸಿದಳು.

ಗುರುವಾರ ಸಂಜೆ ಒಲೆಯ ಮೇಲೆ ಅಗಸೆ ಕುದಿಯತೊಡಗಿತು.

"ಹಿಂಡಿ ಮಾಡಾಕಂತ ಇಟ್ಟ ಅಗಸಿ ಅದು. ರೊಟ್ಟಿಗೆ ಹಚ್ಕೊಂಡ ತಿನ್ನೂದು. ತಲಿಗ್ಯಾಕಬೇ?" ಎಂದಳು ಸಣ್ಣವ್ವ.

"ನಾಜಮೀನ್ ಹೇಳ್ಯಾಳ."

"ಆಕಿ ತಲ್ಯಾಗೇನೈತಿ?"

"ನೆಟ್ಟನ್ ಕೂದಲ."

"ಹಂಗಾರ ಆಕಿಗೇನ್ ಗೊತ್ತು?"

ಗೋಡೆಯ ಮೇಲೆ ಜಮೀಲಾಬಿಯ ಮುಖ ಮೂಡಿತು. "ನಾಕ್ ಎಸಳ ಬಳ್ಳೊಳ್ಳಿ ಒಗಿಯವಾ ಅದಕ್ಕ. ವಾಸ್ನಿ ಚಲೋ ಬರ್ತೈತಿ."

ಅದೇ ಹೊತ್ತಿಗೆ ಹಿತ್ತಲ ಒಲೆಯ ಮೇಲೆ ಮಂಜಪ್ಪನೂ ಏನೋ ಕುದಿಸುತ್ತಿದ್ದ: ಹುಣಸೆ ಬೀಜ ಅರೆದು ಮಾಡಿದ ಅಂಟು. ಹಲಗೆಗೆ ಮೊದಲು ಈ ಅಂಟು ಬಳಿದು, ಅದರ ಮೇಲೆ ಬಣ್ಣ ಕೂಡಿಸುವುದು ಅವನ ಪದ್ಧತಿ. ಅಳ್ನಾವರದವರೊಬ್ಬರ ತೊಟ್ಟಿಲು ಭಾನುವಾರಕ್ಕೆ ಮುಗಿಯಬೇಕಿತ್ತು. ಅವನ ಅಂಟಿನ ಗಡಿಗೆ ಹಿಂದಿನ ದಿನವಷ್ಟೇ ಒಡೆದಿತ್ತು. ಸಣ್ಣವ್ವನ ಮದುವೆಗೆ ಸೋದರಮಾವ ಗುಡದಪ್ಪ ತನ್ನ ಹೆಸರು ಕೆತ್ತಿಸಿ ಒಂದೇ ಅಳತೆಯ ಎರಡು ಸ್ಟೀಲಿನ ಡಬ್ಬಿ ಕೊಟ್ಟಿದ್ದ. ಒಂದರಲ್ಲಿ ಮಗಳು ಲೋಳೆ ತುಂಬಿದಳು, ಇನ್ನೊಂದರಲ್ಲಿ ಅಪ್ಪ ಅಂಟು ತುಂಬಿದ. ಸಣ್ಣವ್ವ ಮಲಗುವ ಮುಂದೆ ಅಲ್ಲೊಂದು ಇಲ್ಲೊಂದು ಬಿದ್ದಿದ್ದ ಡಬ್ಬಿಗಳನ್ನು ಕಂಡು, ಮುಚ್ಚಳ ಒರೆಸಿ, ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಜೋಡಿಸಿಟ್ಟಳು.

ಮುಂಜಾನೆ ಐದೂವರೆಗೆ ಕರೆಂಟಿರಲಿಲ್ಲ. ಸುನಿತಾ ತಲೆ ಎರೆದುಕೊಂಡು ಬಂದು ಕೈಗೆ ಸಿಕ್ಕ ಡಬ್ಬಿ ತೆರೆದಳು. ಲೋಳೆ ನಿನ್ನೆಗಿಂತ ದಪ್ಪಗಿತ್ತು. ರಾತ್ರಿಯ ತಂಪಿಗೆ ಹೀಗಾಗಿದೆ ಎಂದುಕೊಂಡಳು. ಬುಡದಿಂದ ತುದಿಯವರೆಗೆ ಬಳಿದು, ಅಂಗೈಯಲ್ಲಿ ಹಿಚುಕಿ ಹಿಚುಕಿ ಮೇಲಕ್ಕೆ ಒತ್ತಿದಳು. ಡಬ್ಬಿ ಖಾಲಿಯಾಯಿತು. ಉಳಿದ ಡಬ್ಬಿಯನ್ನು ಮಂಜಪ್ಪ ಎತ್ತಿಕೊಂಡು ತೊಟ್ಟಿಲ ಕಡೆಗೆ ಹೋದ.

ಮೊದಲ ಒಂದು ತಾಸು ಸುನಿತಾಳ ಜೀವನದ ಅತಿ ಸುಖದ ತಾಸು. ಬಸ್ಸಿನ ನಿಲ್ದಾಣಕ್ಕೆ ನಡೆಯುವಾಗ ಉಂಗುರಗಳು ಒಂದೊಂದಾಗಿ ಗಟ್ಟಿಗೊಂಡು ಮಿಂಚತೊಡಗಿದವು. ಹಾಲಿನ ಡೇರಿಯ ಮುಂದಿನ ಮಂದಿ ಕ್ಯಾನು ಇಳಿಸಿ ನೋಡಿದರು. ಬಸ್ಸಿನ ಕಿಡಕಿಯ ಗಾಜಿನಲ್ಲಿ ತನ್ನನ್ನು ಕಂಡು ಸುನಿತಾ, ಇನ್ಯಾರೋ ಇರಬೇಕೆಂದು ಹಿಂದೆ ತಿರುಗಿ ನೋಡಿದಳು.

"ಏನ್ ತಂಗಿ, ಅಗದಿ ಹೊಸಾ ಮಂದಿ ಹತ್ತಿದಂಗಾತು," ಎಂದ ದಿನಾ ಬರುವ ಕಂಡಕ್ಟರ್ ಬೀರೇಶ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೇಟು ಹರಿದು ಕೊಡುತ್ತ.

ಗಾಳಿ ಬೀಸಿತು. ಟಿಕೇಟು ಕೈಯಿಂದ ಹಾರಿ ನೇರವಾಗಿ ಅವಳ ನೆತ್ತಿಯ ಮೇಲೆ ಕೂತಿತು. ತೆಗೆಯಲು ಹೋದಳು, ಬರಲಿಲ್ಲ. ಮುಂದಿನ ಸೀಟಿನ ಮುದುಕನ ಬುಟ್ಟಿಯಲ್ಲಿದ್ದ ಕೋಳಿ ರೆಕ್ಕೆ ಬಡಿಯಿತು. ಒಂದು ಪುಕ್ಕ ಹಾರಿ ಬಂದು ಟಿಕೇಟಿನ ಬಾಜು ನಿಂತಿತು. ಅದೂ ಬರಲಿಲ್ಲ. ಅಷ್ಟರಲ್ಲಿ ಬಸ್ಸು ನಿಂತು, ಚೆಕಿಂಗ್ ಸಾಹೇಬರು ಹತ್ತಿದರು.

"ಟಿಕೇಟ್ ತೋರಸವಾ."

"ತಲಿ ಮ್ಯಾಲೈತ್ರಿ," ಎಂದಳು ಸುನಿತಾ ಸಣ್ಣ ದನಿಯಲ್ಲಿ.

ಸಾಹೇಬರು ಟಿಕೇಟಿನ ತುದಿ ಹಿಡಿದು ಎಳೆದರು. ಟಿಕೇಟು ಬರಲಿಲ್ಲ, ತಲೆ ಬಂತು. ಅವರು ಚಷ್ಮಾ ಹಾಕಿಕೊಂಡು ಅವಳ ನೆತ್ತಿಯ ಮೇಲೆ ಬಗ್ಗಿ, ಗೋಡೆಯ ಮೇಲಿನ ಶಾಸನ ಓದುವವರಂತೆ ಓದಿದರು. "ದೇವಿಕೊಪ್ಪ... ಕಲಘಟಗಿ... ಇವತ್ತಿನ ತಾರೀಖು... ಬರೋಬ್ಬರಿ ಐತಿ." ಆಮೇಲೆ ಬೀರೇಶನ ಕಡೆ ತಿರುಗಿ, "ಇನ್ನಮ್ಯಾಲ ಕೈಯಾಗ ಕೊಡೋ ಮಾರಾಯಾ" ಎಂದು ಇಳಿದು ಹೋದರು.

ಕಾಲೇಜಿನ ಗೇಟಿಗೆ ಬರುವಷ್ಟರಲ್ಲಿ ಸುನಿತಾಳಿಗೆ ಕತ್ತು ತಿರುಗಿಸಿದರೆ ಕೂದಲು ಒಂದು ಗಳಿಗೆ ತಡವಾಗಿ ತಿರುಗುತ್ತಿಲ್ಲ, ಜೊತೆಗೇ ಒಂದೇ ತುಂಡಾಗಿ ತಿರುಗುತ್ತಿದೆ ಎಂಬುದು ತಿಳಿಯಿತು. ನಾಜಮೀನ್ ಓಡಿ ಬಂದವಳು ನಿಂತಳು. ಬೆರಳು ಮಡಚಿ ಗೆಳತಿಯ ತಲೆಯ ಮೇಲೆ ಎರಡು ಸಲ ಬಡಿದಳು. ಟಕ್ ಟಕ್ ಎಂದಿತು.

"ಲೇ ಸುನಿ, ಇದು ಕೂದಲೋ, ಬಾಗಲೋ? ಅಗಸಿ ಇಷ್ಟ ಗಟ್ಟಿ ಆಗೂದಿಲ್ಲಲೇ. ಸಿಮಿಟ್ ಹಾಕಿಯೇನ ಇದರಾಗ?"

ಆಗಲೇ ಸುನಿತಾಳ ಫೋನು ರಿಂಗಾಯಿತು. ಅಪ್ಪ.

"ಸುನೀ, ನಿನ್ನಿ ಡಬ್ಬ್ಯಾಗ ಏನ ತುಂಬಿಟ್ಟಿದ್ದೆವಾ?"

"ಅಗಸಿ ಲೋಳಿ. ಯಾಕಪ್ಪಾ?"

"ಏನಿಲ್ಲ. ಕೃಷ್ಣ ಜಾರಾಕತ್ತಾನ."

"ಅಂದ್ರ?"

"ಮುಂಜಾನಿ ಬೆಣ್ಣಿ ಗಡಗಿ ಮ್ಯಾಲಿತ್ತು. ಈಗ ಮೊಳಕಾಲಿಗೆ ಬಂದೈತಿ. ಗೋಪಿಕಾರು ಆಗಲೇ ಹಲಗಿ ಇಳದ ಹೋದ್ರು."

ಸುನಿತಾ ತಲೆ ಮುಟ್ಟಿ ನೋಡಿಕೊಂಡಳು. "ಹಂಗಾರ ಅಪ್ಪಾ, ನನ್ನ ತಲ್ಯಾಗ ಇರೂದು..."

"ಹುಣಸೀ ಬೀಜದ ಅಂಟು," ಎಂದ ಮಂಜಪ್ಪ. ಬಳಿಕ ಕಸುಬಿನ ಅಭಿಮಾನ ತಡೆಯಲಾರದೆ, "ಭಾಳ ಚಲೋ ಅಂಟವಾ ಅದು. ಮೂವತ್ತ್ ವರ್ಷ ಒಂದ ಚಕ್ಕಿನೂ ಏಳೂದಿಲ್ಲ" ಎಂದ. ಕೊನೆಗೆ, "ತಲಿ ಅಲ್ಲಾಡಸಬ್ಯಾಡ," ಎಂದು ಫೋನಿಟ್ಟ.

ನಾಜಮೀನ್ ಅವಳನ್ನು ನಳದ ಕೆಳಗೆ ಕೂರಿಸಿ ಒಂದು ಬಕೆಟ್ ತಣ್ಣೀರು ಸುರಿದಳು. ಅಂಟು ಕರಗಲಿಲ್ಲ, ನೆನೆಯಿತು. ಹಣೆಯ ಮೇಲೆ ಗಂಜಿಯಂತೆ ಇಳಿಯಿತು. ನಾಜಮೀನ್ ಗಾಬರಿಯಿಂದ ಎಲ್ಲವನ್ನೂ ಎರಡೂ ಕೈಯಲ್ಲಿ ಮೇಲಕ್ಕೆ ಒತ್ತಿದಳು. ಅಷ್ಟರಲ್ಲಿ ಫೋಟೊಕ್ಕೆ ಸಾಲು ಹಚ್ಚಿರೆಂದು ಕೂಗಿದರು. ಬಿಸಿಲಿನ ಸಾಲಿನಲ್ಲಿ ಅರ್ಧ ತಾಸು ನಿಂತಾಗ ಒತ್ತಿದ್ದು ಒತ್ತಿದಂತೆಯೇ ಒಣಗಿತು. ಈಗ ಅದು ಉಂಗುರವೂ ಅಲ್ಲ, ಸ್ಪ್ರಿಂಗೂ ಅಲ್ಲ. ಮಳೆಗಾಳಿಗೆ ಉಲ್ಟಾ ಆದ ಛತ್ರಿ.

ಫೋಟೊಗ್ರಾಫರ್ ಪ್ರತಾಪ ಕ್ಯಾಮೆರಾದಲ್ಲಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಮತ್ತೆ ನೋಡಿ ಇನ್ನೆರಡು ಹೆಜ್ಜೆ ಸರಿದ. ಕೊನೆಗೆ ಬಾಗಿಲು ದಾಟಿ ವರಾಂಡಕ್ಕೆ ಹೋಗಿ ಅಲ್ಲಿಂದ ಕೂಗಿದ: "ಸರ್, ತಲಿ ಪೂರಾ ಹಿಡಿಬೇಕಂದ್ರ ಮಾರಿ ಕಾಣವಲ್ದು. ಮಾರಿ ಹಿಡಿಬೇಕಂದ್ರ ತಲಿ ಹೊರಗ ಹೊಂಟೈತಿ."

ಆಫೀಸಿನ ಗುಮಾಸ್ತ ಇಮಾಮುದ್ದೀನ್ ಸರ್ ಎದ್ದು ಬಂದರು. ಒಳ್ಳೆಯ ಮನುಷ್ಯ, ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಗಿಸಿದರು.

"ಕಿವಿ ಕಾಣಬೇಕವಾ. ರೂಲ್ ಐತಿ. ಸ್ವಲ್ಪ ಹಿಂದ ಸರಸು."

"ಸರಿಯಾಕ ಒಲ್ದ್ರೀ ಸರ್. ನಾಳಿ ತಗಸ್ತೀನ್ರಿ."

"ಇವತ್ತ ನಾಕಕ್ಕ ಎಲ್ಲಾರ ಫೋಟೊ ಕಳಸಬೇಕು. ನಾಳಿ ಅನ್ನೂದು ಇಲ್ಲ. ತಡಿ, ಅರ್ಜಿಗೆ ಹಚ್ಚಿದ್ದ ಫೋಟೊ ಐತಲ್ಲ, ಅದನ್ನ ಹಾಕತೀನಿ."

ಕಂಪ್ಯೂಟರಿನ ಪರದೆಯ ಮೇಲೆ ಆ ಫೋಟೊ ಬಂತು. ಎರಡು ಜಡೆ, ಎಣ್ಣೆ, ಮೇಲೇರಿದ ಹುಬ್ಬು.

"ಅದು ಬ್ಯಾಡ್ರೀ ಸರ್," ಎಂದಳು ಸುನಿತಾ.

"ಯಾಕವಾ, ಎರಡೂ ಕಿವಿ ಅಗದಿ ಚಂದ ಕಾಣಾಕತ್ತಾವು." ಇಮಾಮುದ್ದೀನ್ ಸರ್ ಪರದೆಯ ಹತ್ತಿರ ಬಗ್ಗಿದರು. "ಆದ್ರ ಇಲ್ಲಿ ಬಲಗಿವಿ ಬಾಜು ಯಾರದೋ ಬೆರಳ ಬಂದೈತಿ ನೋಡು."

ಸುನಿತಾ ನೋಡಿದಳು. ಸ್ಟುಡಿಯೋದಲ್ಲಿ ಕೊನೆಯ ಗಳಿಗೆಗೆ ಒಂದು ಎಳೆ ತಪ್ಪಿಸಿಕೊಂಡು ಎದ್ದಿತ್ತು. ಅದನ್ನು ಕಿವಿಯ ಹಿಂದೆ ಸಿಗಿಸಲು ಬಂದ ಬೆರಳು. ತುದಿಯಲ್ಲಿ ಬಿಸಿಯೂಟದ ಅರಿಸಿನದ ಕಲೆಯೂ ಕಾಣುತ್ತಿತ್ತು. ಎರಡು ತಿಂಗಳಿಂದ ಆ ಬೆರಳು ತನ್ನ ಹತ್ತಿರ ಬಂದಿಲ್ಲ ಎಂಬುದು ಅವಳಿಗೆ ಅಲ್ಲಿ, ಆಫೀಸಿನ ಫ್ಯಾನಿನ ಕೆಳಗೆ, ಮೊದಲ ಸಲ ನೆನಪಾಯಿತು.

"ಅದನ್ನ ಕಟ್ ಮಾಡತೀನಿ," ಎಂದರು ಸರ್.

"ಬ್ಯಾಡ್ರೀ ಸರ್. ಅದು ಇರಲ್ರೀ."

"ಇರಾಕ ಬರೂದಿಲ್ಲವಾ. ಫೋಟೊದಾಗ ಒಬ್ಬರ ಇರಬೇಕು."

ಒಂದು ಸಲ ಟಿಕ್ ಎಂದಿತು. ಬೆರಳು ಹೋಯಿತು.

ಸಂಜೆ ದೇವಿಕೊಪ್ಪದಲ್ಲಿ ಬಸ್ಸಿಳಿದ ಸುನಿತಾ ಯಾರ ಮುಖವನ್ನೂ ನೋಡದೆ, ಟಿಕೇಟು ಪುಕ್ಕಗಳ ಸಮೇತ ಮನೆಗೆ ನಡೆದಳು. ಸಣ್ಣವ್ವ ಶಾಲೆಯಿಂದ ಬಂದು ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಸುನಿತಾ ಚೀಲ ಒಗೆದು, ಅವ್ವನ ಮೊಳಕಾಲುಗಳ ನಡುವೆ, ಬೆನ್ನು ತಿರುಗಿಸಿ, ಎರಡನೇ ಇಯತ್ತೆಯಲ್ಲಿ ಕೂತಂತೆಯೇ ಕೂತಳು.

"ಯವ್ವಾ, ತಗೀ ಇದನ್ನ."

ಹಿಂದಿನಿಂದ ಕೈ ಬರಲಿಲ್ಲ.

"ಸಿಟ್ಟೇನಬೇ?"

"ಸಿಟ್ಟಿಲ್ಲವಾ." ಸಣ್ಣವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದಳು. "ನಿನ್ನ ತಲಿ ಮುಟ್ಟಿ ಆಣಿ ಮಾಡೀನಿ."

"ನಾನ ಬಿಟ್ಟೀನಿ ಅಂತೀನಲ್ಲ. ಆಣಿ ವಾಪಸ್ ತೊಗೋ."

"ಆಣಿ ಏನ ಸಂತ್ಯಾಗ ತಂದ ಸೀರಿಯೇನ, ಬಣ್ಣ ಬಿಟ್ತಂತ ವಾಪಸ್ ಒಯ್ಯಾಕ? ನಾಳಿ ನಿನಗೇನರ ಆದ್ರ ನಾ ಏನ ಮಾಡ್ಲಿ?"

ಗೋಡೆಯ ಮೇಲೆ ಜಮೀಲಾಬಿ ಆಗಲೇ ಹಾಜರಿದ್ದಳು. ಸುನಿತಾ ಅವಳಿಗೆ ಕೈಮುಗಿದಳು. "ಚಾಚೀ, ಅವತ್ತ ನೀವು ಏನೂ ಕೇಳಿಲ್ಲ ಅಂತ ಅಂದಬಿಡ್ರೀ."

"ಹ್ಯಾಂಗ ಅನ್ನಲೇ ಬೇಟಿ?" ಎಂದಳು ಜಮೀಲಾಬಿ ನಿಜವಾದ ಸಂಕಟದಿಂದ. "ಹನ್ನೊಂದ ವರ್ಷದಿಂದ ಓಣಿಗೆಲ್ಲಾ ಹೇಳ್ಕೊಂತ ಬಂದೀನಿ."

ಕೊನೆಗೆ ಜಮೀಲಾಬಿಯೇ ಬಿಸಿನೀರಿನ ಹಂಡೆಯ ಮುಂದೆ ತೋಳು ಏರಿಸಿ ಕೂತಳು. ಸಣ್ಣವ್ವ ಒಂದು ಮೊಳ ದೂರದಲ್ಲಿ, ಎಣ್ಣೆ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಮೆತ್ತಗ ಜಮೀಲಕ್ಕಾ. ನೆತ್ತಿಯಿಂದ ಅಲ್ಲ, ತುದಿಯಿಂದ ಬಿಡಸು. ಹಸಿ ಇದ್ದಾಗನ ಬಿಡಸಬೇಕು. ಬಾಚಣಿಕಿ ಬ್ಯಾಡ, ಬೆರಳಲೆ. ಎಡಗಿವಿ ಹಿಂದ ಒಂದ ಗಂಟ ಯಾವತ್ತೂ ಇರ್ತೈತಿ, ಅಲ್ಲಿ ಜಗ್ಗಿದ್ರ ಅಳತಾಳ."

ಸುನಿತಾ ನೀರು ಸುರಿಯುತ್ತಿದ್ದ ಮುಖವನ್ನೆತ್ತಿದಳು. ನಾಜಮೀನ್‌ಳ ಮೊಬೈಲು ಹೇಳಿದ್ದೂ ಇದನ್ನೇ.

"ಇದೆಲ್ಲಾ ನಿನಗ ಯಾರ ಹೇಳಿದ್ರಬೇ?"

"ಯಾರ ಹೇಳತಾರ? ನಿನ್ನ ತಲೀನ ಹೇಳೇತಿ."

"ಮತ್ತ ಯಾಕ ಅಷ್ಟ ಬಿಗಿ ಜಡಿ ಹಾಕತಿದ್ದಿ?"

ಸಣ್ಣವ್ವ ಬಾಟಲಿಯ ಬಿರಡೆಯನ್ನು ತಿರುವಿದಳು, ಮತ್ತೆ ಬಿಗಿ ಮಾಡಿದಳು. "ಹೊತ್ತ ಎಲ್ಲಿತ್ತವಾ? ನೂರಾಹತ್ತ ಹುಡುಗೂರ ಅನ್ನ ಆಗಬೇಕಿತ್ತು."

ಮೂರು ಹಂಡೆ ನೀರಿಗೆ ಅಂಟು ಬಿಟ್ಟಿತು. ಟಿಕೇಟು ಬಂತು, ಪುಕ್ಕ ಬಂತು. ಸಂಜೆಯ ಗಾಳಿಗೆ ಕೂದಲು ಆರಿತು. ಆರುತ್ತ ಆರುತ್ತ, ಯಾರೂ ಏನೂ ಹಚ್ಚದೆ, ಒಂದೊಂದೇ ಉಂಗುರ ತಾನಾಗಿ ಸುತ್ತಿಕೊಂಡಿತು. ಬೆಳಿಗ್ಗೆ ಕಿಡಕಿಯ ಗಾಜಿನಲ್ಲಿ ಕಂಡದ್ದಕ್ಕಿಂತ ಇದು ಚಂದವಿತ್ತು. ಕ್ಯಾಮೆರಾ ಮಾತ್ರ ಕಲಘಟಗಿಯಲ್ಲಿತ್ತು.

ಪಡಸಾಲೆಯಲ್ಲಿ ಹಲಗೆಯ ಮೇಲಿನ ಅಗಸೆಯನ್ನೆಲ್ಲ ಕೆರೆದು, ಹೊಸದಾಗಿ ಅಂಟು ಬಳಿದು ಮುಗಿಸಿದ್ದ ಮಂಜಪ್ಪ, ಮಗಳನ್ನು ನೋಡಿ ಕುಂಚ ಎತ್ತಿಕೊಂಡ.

"ಹಂಗ ಕುಂದರವಾ. ಅಲ್ಲಾಡಬ್ಯಾಡ. ಕೃಷ್ಣಂದು ಒಂದ ತಲಿ ಮುಗಿಸಿಬಿಡತೀನಿ."

ಭಾನುವಾರ ಅದು ಅಳ್ನಾವರಕ್ಕೆ ಹೋಗುತ್ತದೆ. ಸುನಿತಾ ಅಲ್ಲಾಡದೆ ಕೂತಳು. ಒಂದು ಉಂಗುರ ಜಾರಿ ಅವಳ ಬಲಗಣ್ಣಿನ ಮೇಲೆ ಬಿತ್ತು. ಅವಳು ಅದನ್ನು ಸರಿಸಲಿಲ್ಲ. ಬಾಜುವಿನಲ್ಲಿ ಕೂತಿದ್ದ ಸಣ್ಣವ್ವನ ಕೈ ಯಾರೂ ಕರೆಯದೆ ಮೇಲೆದ್ದಿತು. ಅರಿಸಿನದ ಬೆರಳು ಕಿವಿಯ ಹತ್ತಿರದವರೆಗೆ ಬಂತು. ಸುನಿತಾ ಕಣ್ಣು ಮುಚ್ಚಿಕೊಂಡು ಕಾದಳು.

ಬೆರಳು ಅಲ್ಲೇ ನಿಂತಿತು. ಆಮೇಲೆ ಹಿಂದಕ್ಕೆ ಹೋಗಿ ಸೆರಗಿಗೆ ಒರೆಸಿಕೊಂಡಿತು.

ಸಣ್ಣವ್ವ ಕೊಟ್ಟ ಮಾತು ಉಳಿಸಿಕೊಂಡಳು.